ಸ್ಕ್ರಿಪ್ಟ್ ಓಡಿತು, ಲೋಗೊ ಕೆಟ್ಟಿತು

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿಯಿರುವ ಕಡತ) ನಮ್ಮ ಲಿನಕ್ಸ್ ಸರ್ವರಿನಲ್ಲಿ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ನಿಲ್ಲುತ್ತಿತ್ತು. ಸಹೋದ್ಯೋಗಿಯ ಸಲಹೆಯಂತೆ ‘ಸೆಡ್’ ಎಂಬ ಪಠ್ಯ ತಿದ್ದುವ ಆಜ್ಞೆ ಬಳಸಿ ಇಡೀ ಫೋಲ್ಡರಿನ ಸಾಲಿನ ಕೊನೆಗಳನ್ನು ಬದಲಿಸಿದೆ. ಸ್ಕ್ರಿಪ್ಟ್ ಓಡಿತು, ಆದರೆ ಪಿಎನ್‌ಜಿ ಲೋಗೊ ತೆರೆಯುತ್ತಿಲ್ಲ. ಸರಿಪಡಿಸಬಹುದೇ? ಕನ್ನಡ ಕಡತಗಳೂ ಕೆಟ್ಟಿರುತ್ತವೆಯೇ?
– ಓದುಗರು, ಕೋರಮಂಗಲ, ಬೆಂಗಳೂರು

ಉತ್ತರ: ಮಲ್ಲೇಶ್ವರದ ಟೈಪಿಂಗ್ ತರಗತಿಯಲ್ಲಿ ನಾನು ಕುಟ್ಟುತ್ತಿದ್ದ ಯಂತ್ರದಲ್ಲಿ ಗಂಟೆ ‘ಟಿಂಗ್’ ಎಂದೊಡನೆ ಎಡಗೈಯಿಂದ ಹಿಡಿಕೆ ದೂಡಬೇಕಿತ್ತು. ಕಾಗದ ಒಂದು ಸಾಲು ಮೇಲೇರುತ್ತಿತ್ತು, ಕ್ಯಾರೇಜ್ ಮೊದಲಿನ ಜಾಗಕ್ಕೆ ಮರಳುತ್ತಿತ್ತು. ಟೆಲಿಪ್ರಿಂಟರಿನಲ್ಲಿ ಈ ಎರಡು ಕೆಲಸಗಳಿಗೆ ಎರಡು ಸಂಕೇತಗಳಿದ್ದವು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಮರಳುವುದಕ್ಕೆ 13, ಸಾಲು ಏರಿಸುವುದಕ್ಕೆ 10. ವಿಂಡೋಸ್ ಇಂದಿಗೂ ಎರಡನ್ನೂ ಬರೆಯುತ್ತದೆ. ಲಿನಕ್ಸ್‌ಗೂ ಈಗಿನ ಮ್ಯಾಕ್‌ಗೂ 10 ಒಂದೇ ಸಾಕು. ನಿಮ್ಮ ಸರ್ವರ್ ಹುಡುಕಿದ್ದು ಸ್ಕ್ರಿಪ್ಟನ್ನು ಓಡಿಸುವ, ಅದರ ಮೊದಲ ಸಾಲಿನಲ್ಲಿ ಹೆಸರಿಸಿರುವ ‘ಬ್ಯಾಶ್’ ಅನ್ನಲ್ಲ, ಬಾಲಕ್ಕೆ 13 ಅಂಟಿದ ‘ಬ್ಯಾಶ್’ ಅನ್ನು. ಅಂಥದ್ದೊಂದು ಅಲ್ಲಿರಲಿಲ್ಲ.

ಲೋಗೊದ ಕಥೆ ಇನ್ನೂ ಸ್ವಾರಸ್ಯಕರ. ಪ್ರತಿ ಪಿಎನ್‌ಜಿ ಕಡತವೂ 137, 80, 78, 71, 13, 10, 26, 10 ಎಂಬ ಎಂಟು ಬೈಟ್‌ಗಳಿಂದಲೇ ಆರಂಭವಾಗುತ್ತದೆ. ಅಲ್ಲಿರುವ 13, 10 ಜೋಡಿಯೂ ಕೊನೆಯ ಒಂಟಿ 10 ಕೂಡ ಬೇಕೆಂದೇ ಇಟ್ಟ ಬಲೆ. ಯಾರಾದರೂ ಚಿತ್ರವನ್ನು ಪಠ್ಯವೆಂದು ಭಾವಿಸಿ ಸಾಲಿನ ಕೊನೆ ತಿದ್ದಿದರೆ ಎರಡರಲ್ಲೊಂದು ಮುರಿದು ಕಡತ ಬಾಗಿಲಲ್ಲೇ ನಿಲ್ಲುತ್ತದೆ. ನಿಮ್ಮ ‘ಸೆಡ್’ ಆ 13 ಅನ್ನು ನುಂಗಿದೆ. ಅದೊಂದನ್ನು ಮರಳಿ ಸೇರಿಸಿದರೆ ಸಾಲದು. ಚಿತ್ರದ ಒಡಲಲ್ಲಿ 10ರ ಹಿಂದಿದ್ದ 13ಗಳೂ ಹೋಗಿವೆ. ಯಾವ 10ರ ಹಿಂದೆ 13 ಇತ್ತು, ಯಾವುದರ ಹಿಂದೆ ಇರಲಿಲ್ಲ ಎಂದು ಈಗ ಹೇಳುವವರಿಲ್ಲ. ಬ್ಯಾಕಪ್‌ನಿಂದಲೋ ಕೋಡಿನ ಹಳೆಯ ರೂಪಗಳನ್ನು ಕಾಯ್ದಿಡುವ ಗಿಟ್‌ನ ಹಳೆಯ ಕಮಿಟ್‌ನಿಂದಲೋ (ಉಳಿಸಿದ ಪ್ರತಿಯಿಂದಲೋ) ತೆಗೆದುಕೊಳ್ಳಿ. ಅದೇ ಫೋಲ್ಡರಿನ ಜಿಪ್, ಪಿಡಿಎಫ್‌ಗಳನ್ನೂ ಒಮ್ಮೆ ತೆರೆದು ನೋಡಿ.

ಕನ್ನಡದ ಬಗ್ಗೆ ಚಿಂತೆ ಬೇಡ, ಕಡತ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿದ್ದರೆ. ಅದರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಎಲ್ಲವೂ 127ಕ್ಕಿಂತ ಮೇಲಿನವು. 13, 10ರ ತಂಟೆಗೆ ಬರುವುದಿಲ್ಲ.

ಇನ್ನು ಮುಂದೆ ‘ಸೆಡ್’ ಬದಲು ‘ಡಾಸ್‌ಟುಯುನಿಕ್ಸ್’ ಬಳಸಿ. ಬೈನರಿ, ಅಂದರೆ ಪಠ್ಯವಲ್ಲದ್ದು, ಎಂದು ಕಂಡ ಕಡತಗಳನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ಗಿಟ್ ಬಳಸುವ ತಂಡವಾದರೆ ಚುಕ್ಕಿಯಿಂದ ಆರಂಭವಾಗುವ ‘ಗಿಟ್‌ಆಟ್ರಿಬ್ಯೂಟ್ಸ್’ ಕಡತದಲ್ಲಿ ಶೆಲ್ ಸ್ಕ್ರಿಪ್ಟುಗಳಿಗೆ ‘ಇಒಎಲ್=ಎಲ್‌ಎಫ್’ (ಸಾಲಿನ ಕೊನೆಗೆ 10 ಮಾತ್ರ), ಪಿಎನ್‌ಜಿಗಳಿಗೆ ‘ಬೈನರಿ’ ಎಂದು ಬರೆದಿಡಿ. ಸಾಲಿನ ಕೊನೆಗಳನ್ನು ತಾನಾಗಿಯೇ ಬದಲಿಸುವ ‘ಆಟೋಸಿಆರ್‌ಎಲ್‌ಎಫ್’ ಎಂಬ ಗಿಟ್ ಸೆಟ್ಟಿಂಗನ್ನು ನಾನು ನೆಚ್ಚುವುದಿಲ್ಲ. ಅದು ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಒಂದೊಂದು ರೀತಿ ಇರುತ್ತದೆ, ಆದರೆ ‘ಗಿಟ್‌ಆಟ್ರಿಬ್ಯೂಟ್ಸ್’ ಕೋಡಿನ ಜೊತೆಯಲ್ಲೇ ಎಲ್ಲರಿಗೂ ತಲುಪುತ್ತದೆ.