ಚೆಂಡು ಒಂದೇ, ಕೈ ಹತ್ತು

ಪತ್ರ: ‘ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಒಕ್ಲಹಾಮಾ ಸಿಟಿ ತಂಡದಲ್ಲಿ ಪಂದ್ಯಕ್ಕೆ 28.2 ಪಾಯಿಂಟ್ ಗಳಿಸುತ್ತಿದ್ದ ಕೆವಿನ್ ಡ್ಯುರಾಂಟ್, ತಾರೆಯರೇ ತುಂಬಿದ್ದ ಗೋಲ್ಡನ್ ಸ್ಟೇಟ್ ತಂಡ ಸೇರಿದ ವರ್ಷ 25.1ಕ್ಕೆ ಇಳಿದ. ನಮ್ಮೂರ ಹುಡುಗಿಯರ ತಂಡಕ್ಕೂ ಒಳ್ಳೆಯ ಆಟಗಾರ್ತಿಯರಿಬ್ಬರು ಬಂದ ಮೇಲೆ ಮೊದಲಿನ ತಾರೆಯ ಪಾಯಿಂಟು ಕಡಿಮೆಯಾಗಿದೆ. ಜೊತೆ ಬಲವಾದರೆ ತಾರೆ ಮಂಕಾಗುವುದು ನಿಜವಲ್ಲವೇ?’
– ಓದುಗರು, ಕುಮಟಾ

ಉತ್ತರ: ಪಾಯಿಂಟು ಇಳಿಯುವುದು ನಿಜ, ಅಷ್ಟರ ಮಟ್ಟಿಗೆ ನಿಮ್ಮ ಲೆಕ್ಕ ಸರಿ. ‘ಮಂಕು’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಇಷ್ಟು ಶ್ರದ್ಧೆಯಿಂದ ಅಂಕಿ ಹುಡುಕಿದ ತಾವು, ಆ ಪಾಯಿಂಟಿಗಾಗಿ ಎಷ್ಟು ಶಾಟ್ ಹೊಡೆದರು ಎಂಬುದನ್ನು ಬಿಟ್ಟಿರಲ್ಲ! ಅದೇ ಎರಡು ಋತುಗಳಲ್ಲಿ ಡ್ಯುರಾಂಟ್ ಹೊಡೆದ ಶಾಟ್‌ಗಳಲ್ಲಿ ಬಿದ್ದವುಗಳ ಪ್ರಮಾಣ ಶೇ. 50.5ರಿಂದ 53.7ಕ್ಕೆ ಏರಿತು. 2017ರಲ್ಲಿ ತಂಡ ಚಾಂಪಿಯನ್ ಆಯಿತು.

ಇದಕ್ಕಿಂತ ದೊಡ್ಡ ಉದಾಹರಣೆ ಅದೇ ಲೀಗಿನ ಹಳೆಯ ತಾರೆ ವಿಲ್ಟ್ ಚೇಂಬರ್ಲೇನ್. 1961-62ರಲ್ಲಿ ಪಂದ್ಯಕ್ಕೆ ಸುಮಾರು 39 ಶಾಟ್ ಹೊಡೆದು ಸರಾಸರಿ 50.4 ಪಾಯಿಂಟ್ ಗಳಿಸಿದ, ತಂಡಕ್ಕೆ ಪ್ರಶಸ್ತಿ ಬರಲಿಲ್ಲ. 1966-67ರಲ್ಲಿ ಹ್ಯಾಲ್ ಗ್ರಿಯರ್, ಚೆಟ್ ವಾಕರ್, ಬಿಲ್ಲಿ ಕನ್ನಿಂಗ್‌ಹ್ಯಾಮ್ ಜೊತೆಗಿದ್ದರು. ಶಾಟ್ 14ಕ್ಕೆ, ಪಾಯಿಂಟ್ 24.1ಕ್ಕೆ ಇಳಿಯಿತು. ಆದರೆ ಶೇ. 68.3 ಬಿದ್ದವು, ಪಂದ್ಯಕ್ಕೆ 7.8 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಚೆಂಡು ಕೊಟ್ಟದ್ದು), ತಂಡಕ್ಕೆ 68 ಗೆಲುವು, 13 ಸೋಲು, ಕೊನೆಗೆ ಪ್ರಶಸ್ತಿ. ಇವನನ್ನು ಮಂಕಾದವನೆನ್ನಲು ನನಗೆ ಬಾಯಿ ಬರುವುದಿಲ್ಲ.

ಕಾರಣ ಅಂಗಳದಲ್ಲೇ ಕಾಣುತ್ತದೆ. ಒಬ್ಬನೇ ತಾರೆಯಿದ್ದರೆ ಎದುರಾಳಿ ಅವನ ಮೇಲೆ ಇಬ್ಬರನ್ನು ಬಿಡುತ್ತಾರೆ. ಶಾಟ್ ಹೊಡೆಯಲು ಇರುವ 24 ಸೆಕೆಂಡ್ ಮುಗಿಯುತ್ತ ಬಂದಾಗ ದಿಕ್ಕು ತೋಚದ ಚೆಂಡೆಲ್ಲ ಅವನ ಕೈಗೇ. ಮೂಲೆಯಲ್ಲಿ ಜೊತೆಗಾರ ಗುರಿಕಾರನೊಬ್ಬ ನಿಂತರೆ ಆ ಎರಡನೆಯ ಕಾವಲುಗಾರ ಅವನನ್ನು ಬಿಟ್ಟು ಕದಲುವಂತಿಲ್ಲ. ತಾರೆ ಕೈಬಿಡುವುದು ಆ ಕೆಟ್ಟ ಶಾಟ್‌ಗಳನ್ನೇ.

ಕಬಡ್ಡಿಯಲ್ಲಿ ರೈಡರ್ ಎಷ್ಟು ಸಲ ಬರಿಗೈಯಲ್ಲಿ ಬಂದ ಎಂದು ಬೆರಳೆಣಿಸುವ ನಮ್ಮ ಕರಾವಳಿಯವರು ಬಾಸ್ಕೆಟ್‌ಬಾಲ್‌ನಲ್ಲೇಕೆ ಬಿದ್ದ ಚೆಂಡನ್ನಷ್ಟೇ ನೋಡುತ್ತಾರೋ! ಅಧಿಕೃತ ಸ್ಕೋರ್‌ಶೀಟಿನಲ್ಲೂ ತಪ್ಪಿದ ಶಾಟ್‌ಗೆ ಜಾಗವಿಲ್ಲ. ಪತ್ರಿಕೆಗಳಲ್ಲಿ ಬರುವುದು ‘ಅತಿ ಹೆಚ್ಚು ಪಾಯಿಂಟ್’ ಎಂಬ ಒಂದು ಸಾಲು. ಆಯ್ಕೆಗೆ ಕೂತವರು ಓದುವುದೂ ಅದನ್ನೇ. ಚೆಂಡು ಕೊಟ್ಟ ಹುಡುಗಿ ಆ ಸಾಲಿನಲ್ಲಿ ಎಂದೂ ಬರುವುದಿಲ್ಲ. ಇದು ಅನ್ಯಾಯ, ವರ್ಷ ವರ್ಷವೂ ನಡೆಯುತ್ತಿರುವ ಅನ್ಯಾಯ.

ನೀವೊಂದು ನೋಟ್‌ಬುಕ್ ಇಡಿ. ಹೊಡೆದ ಶಾಟ್, ಬಿದ್ದ ಶಾಟ್ (ಮೂರು ಪಾಯಿಂಟಿನದ್ದು ಬೇರೆ), ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತ), ಅಸಿಸ್ಟ್. ಎದುರಾಳಿ ಕೈಯಿಂದ ತಡೆದು ಬ್ಲಾಕ್ ಆದದ್ದೂ ಶಾಟೇ. ಹೆಚ್ಚಿನವರು ಮರೆಯುವುದು ಇಲ್ಲೇ. ಫೌಲ್ ಆಗಿ ತಪ್ಪಿದ್ದನ್ನು ಶಾಟ್ ಎಂದು ಬರೆಯಬೇಡಿ, ಫ್ರೀ ಥ್ರೋ ಮಾತ್ರ ಬರೆಯಿರಿ. ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಶಾಟ್‌ಗಳಿಗೆ ಕೂಡಿಸಿ, ಎರಡರಷ್ಟು ಮಾಡಿ, ಅದರಿಂದ ಪಾಯಿಂಟನ್ನು ಭಾಗಿಸಿ. 28 ಶಾಟ್, 5 ಫ್ರೀ ಥ್ರೋದಲ್ಲಿ 28 ಪಾಯಿಂಟ್ ಬಂದರೆ 0.46. 15 ಶಾಟ್, 5 ಫ್ರೀ ಥ್ರೋದಲ್ಲಿ 20 ಬಂದರೆ 0.58. ಈ ಎರಡನೆಯವಳೇ ನನ್ನ ತಾರೆ.

ಶಾಟ್ ಕಡಿಮೆಯಾಗಿ ಈ ಅಂಕಿಯೂ ಇಳಿದಿದ್ದರೆ ಚಿಂತಿಸಬೇಕಾದ್ದೇ. ಆಗ ಅವಳಿಗೆ ಚೆಂಡು ಯಾವ ಜಾಗದಲ್ಲಿ ಸಿಗುತ್ತಿದೆ ನೋಡಿ. ಬುಟ್ಟಿಯ ಬುಡದಲ್ಲಿ ಆಡುವವಳನ್ನು ಹೊಸಬರಿಗೆ ಜಾಗ ಬಿಡಲೆಂದು ಮೂಲೆಗೆ ತಳ್ಳಿರಬಹುದು. ಅದನ್ನು ಕೋಚ್ ಜೊತೆ ಮಾತಾಡಿ ಸರಿಪಡಿಸಬಹುದು. ಐದು ಪಂದ್ಯಗಳ ಲೆಕ್ಕ ಬರೆದು, ಆಯ್ಕೆಗೆ ಹೋಗುವ ದಿನ ಆ ನೋಟ್‌ಬುಕ್ಕನ್ನು ಹುಡುಗಿಯ ಕೈಗೆ ಕೊಟ್ಟು ಕಳಿಸಿ.