ಬಸುರಿ ಅಂತ ಕೆಲಸದಿಂದ ತೆಗೆದರೆ ಕಾಸರಗೋಡಿನಲ್ಲಿ ಕನ್ನಡದಲ್ಲೇ ದೂರು ಕೊಡಬಹುದಾ?

ನೀವು ಉಪ್ಪಳದ ಅಂಗಡಿಯೊಂದರಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದೀರಿ. ಬಸುರಿ ಅಂತ ಗೊತ್ತಾದ ಮೇಲೆ ಇನ್ನು ಬರಬೇಡಿ ಅಂದಿದ್ದಾರೆ. ಮೂರು ವಾರ ಆಯಿತು. ದೂರು ಎಲ್ಲಿ ಕೊಡಬೇಕು, ಮಲಯಾಳ ಬರೆಯಲು ಬಾರದು, ಕನ್ನಡದಲ್ಲಿ ಬರೆದರೆ ತಗೊಳ್ತಾರಾ ಅಂತ ಕೇಳಿದ್ದೀರಿ.

ತಗೊಳ್ತಾರೆ. ನಾನೇ ಕೊಟ್ಟಿದ್ದೇನೆ. ಆದರೆ ಮೊದಲು ಒಂದು ಮಾತು: ಅಂಗಡಿಯವರು ಈಗ ಯಾವ ಕಾಗದ ಮುಂದಿಟ್ಟರೂ ಸಹಿ ಹಾಕಬೇಡಿ. ಹಾಕಿ ಆಗಿದ್ದರೆ ಗಾಬರಿ ಬೇಡ, ನಾನೂ ಹಾಕಿದ್ದೆ.

ನನ್ನದು 2022ರ ಕಥೆ. ನಾನು ವಿಟ್ಲದ ಕಡೆಯವಳು, ಮದುವೆಯಾಗಿ ಬದಿಯಡ್ಕಕ್ಕೆ ಬಂದವಳು. ಕಾಸರಗೋಡು ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಸೀರೆ ಸೆಕ್ಷನ್‌ನಲ್ಲಿದ್ದೆ. ಹದಿನಾರು ಜನ ಕೆಲಸಕ್ಕಿದ್ದೆವು. ನಾಲ್ಕು ತಿಂಗಳಾಗುವಾಗ ವಿಷಯ ಹೇಳಿದೆ. ಮರುದಿನ ಬಂದು ನೋಡಿದರೆ ಕೌಂಟರ್ ಹಿಂದಿನ ಸ್ಟೂಲ್ ಇಲ್ಲ. (ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ ಕೇರಳದಲ್ಲಿ 2018ರಲ್ಲೇ ಕಾನೂನು ತಿದ್ದಿದ್ದಾರೆ. ಕೋಝಿಕ್ಕೋಡಿನ ಅಂಗಡಿ ಹೆಂಗಸರು ಹೋರಾಡಿ ಪಡೆದದ್ದು. ನನಗೆ ಆಗ ಗೊತ್ತಿರಲಿಲ್ಲ.) ಆಮೇಲೆ ಮೇಲಿನ ಗೋಡೌನಿಗೆ ಹಾಕಿದರು. ದಿನವಿಡೀ ಮೆಟ್ಟಿಲು, ಬಂಡಲು.

ಎರಡು ವಾರ ಕಳೆದು ಲೆಕ್ಕದವರು ಕರೆದು ಒಂದು ಕಾಗದ ಇಟ್ಟರು. ಪೂರ್ತಿ ಮಲಯಾಳ. "ಇದು ರಾಜಿ, ಇಲ್ಲೊಂದು ಒಪ್ಪು ಹಾಕಿ" ಅಂದರು. ಓ, ರಾಜಿಗೆ ಬಂದರು, ಗೋಡೌನ್ ತಪ್ಪಿತು ಅಂದುಕೊಂಡು ಖುಷಿಯಲ್ಲೇ ಸಹಿ ಹಾಕಿದೆ. ಏನೋ ಬುದ್ಧಿ ಬಂದು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡೆ. ಸಂಜೆ ಪಕ್ಕದ ಮನೆಯ ಹುಡುಗಿಗೆ ತೋರಿಸಿದೆ. ಅವಳು ಓದಿ ನನ್ನ ಮುಖ ನೋಡಿದಳು. "ಅಕ್ಕ, ಕೆಲಸ ಯಾಕೆ ಬಿಟ್ಟಿರಿ?" ಮಲಯಾಳದಲ್ಲಿ ರಾಜಿ ಅಂದರೆ ರಾಜೀನಾಮೆ, ಮಾರಾಯ್ರೆ.

ಆ ರಾತ್ರಿಯೇ ಅಂಗಡಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ: ನಾನು ಕೆಲಸ ಬಿಟ್ಟಿಲ್ಲ, ಕಾಗದ ಓದಲು ಬಾರದೆ ಸಹಿ ಹಾಕಿದ್ದು, ನಾಳೆ ಬರುತ್ತೇನೆ. ಉತ್ತರವಾಗಿ ವಾಯ್ಸ್ ಬಂತು. ಈ ಸ್ಥಿತಿಯಲ್ಲಿ ನಿನ್ನನ್ನು ಇಟ್ಟುಕೊಳ್ಳಲು ಆಗುವುದಿಲ್ಲ, "ನಾಳೆ ಮುದಲ್ ವರಂಡ". ನಾಳೆಯಿಂದ ಬರಬೇಡ. ಅತ್ತದ್ದು ಸುಳ್ಳಲ್ಲ. ಆದರೆ ಆ ಹನ್ನೊಂದು ಸೆಕೆಂಡಿನ ವಾಯ್ಸೇ ಕೊನೆಗೆ ನನ್ನ ಕೈ ಹಿಡಿದದ್ದು. ನಿಮ್ಮ ಹತ್ತಿರ ಅಂಥದ್ದು ಇದ್ದರೆ ಇವತ್ತೇ ಬೇರೆ ಫೋನಿಗೂ ಕಳಿಸಿಡಿ. ಇಲ್ಲದಿದ್ದರೆ ನೀವೇ ಒಂದು ಮೆಸೇಜ್ ಹಾಕಿ, ಯಾಕೆ ತೆಗೆದಿರಿ ಅಂತ ಕೇಳಿ.

ಈಗ ನಿಮ್ಮ ಪ್ರಶ್ನೆಗೆ. ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ ಜಿಲ್ಲಾ ಲೇಬರ್ ಆಫೀಸ್ ಉಂಟು. ಅಲ್ಲಿಗೆ ಹೋಗಿ, ಉಪ್ಪಳ ಯಾವ ಅಸಿಸ್ಟೆಂಟ್ ಲೇಬರ್ ಆಫೀಸರ್ ಕೆಳಗೆ ಬರುತ್ತದೆ ಅಂತ ಕೇಳಿ. ಬಿಳಿ ಹಾಳೆಯಲ್ಲಿ ಬರೆದ ಅರ್ಜಿ ಸಾಕು. ಆದರೆ ಬೇಗ ಹೋಗಿ. ಹೆರಿಗೆ ಸೌಲಭ್ಯದ 1961ರ ಕಾನೂನಿನಲ್ಲಿ, ಕೆಲಸದಿಂದ ತೆಗೆದದ್ದರ ವಿರುದ್ಧ ಮೇಲ್ಮನವಿ ಕೊಡಲು 60 ದಿನದ ಗಡುವು ಇತ್ತು. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಲೇಬರ್ ಕೋಡ್‌ಗಳು ಬಂದು ಸೆಕ್ಷನ್ ನಂಬರ್ ಬದಲಾದರೂ ಈ 60 ದಿನ ಹಾಗೇ ಉಂಟು. ನಿಮ್ಮದರಲ್ಲಿ ಮೂರು ವಾರ ಆಗಲೇ ಹೋಯಿತು.

ಡಿಟಿಪಿ ಅಂಗಡಿಯವರು ನನಗೆ "ಮಲಯಾಳದಲ್ಲೇ ಬೇಕು, ಇನ್ನೂರು ರೂಪಾಯಿ ಕೊಡಿ, ಬರೆದು ಕೊಡ್ತೇನೆ" ಅಂದಿದ್ದರು. ಸುಮ್ನೆ ಹೇಳುವುದು. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು. ಕೇರಳದ್ದೇ 1969ರ ಭಾಷಾ ಕಾನೂನಿನಲ್ಲಿ ಕಾಸರಗೋಡು ತಾಲೂಕಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಉಂಟು. ನಿಮ್ಮ ಉಪ್ಪಳ ಇರುವ ಮಂಜೇಶ್ವರ ಬೇರೆ ತಾಲೂಕಾದದ್ದು 2014ರಲ್ಲಿ, ಈ ಕಾನೂನು ಬಂದು ಎಷ್ಟೋ ವರ್ಷ ಆದ ಮೇಲೆ; ಕಾನೂನು ಬಂದಾಗ ಅದೂ ಕಾಸರಗೋಡು ತಾಲೂಕೇ. ಅರ್ಜಿಯ ತಲೆಯಲ್ಲೇ 350ನೇ ವಿಧಿ, ಭಾಷಾ ಕಾನೂನು ಎರಡನ್ನೂ ಒಂದು ಸಾಲಿನಲ್ಲಿ ಬರೆದಿದ್ದೆ. ಯಾರೂ ತಕರಾರು ಮಾಡಲಿಲ್ಲ.

ಅರ್ಜಿಯಲ್ಲಿ ಕಣ್ಣೀರು ಬೇಡ, ತಾರೀಕು ಬೇಕು. ಸೇರಿದ ದಿನ, ಬಸುರಿ ಅಂತ ಹೇಳಿದ ದಿನ, ಕೆಲಸ ಬದಲಿಸಿದ ದಿನ, ಬರಬೇಡ ಅಂದ ದಿನ. ನನ್ನ ಮೊದಲ ಅರ್ಜಿ ನಾಲ್ಕು ಪುಟ ಇತ್ತು, ಮಾಲೀಕರ ಮನೆಯವರ ಗುಣಗಾನವೂ ಅದರಲ್ಲಿತ್ತು! ಗಂಡ ಓದಿ ನಕ್ಕು ಒಂದೂವರೆ ಪುಟಕ್ಕೆ ಇಳಿಸಿದರು. ತಾಯಿ ಕಾರ್ಡ್‌ನ ಜೆರಾಕ್ಸ್, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಲಗತ್ತಿಸಿ. ಕೊಟ್ಟ ಮೇಲೆ ಕೈಪಟ್ಟು ರಸೀದಿ, ಅಂದರೆ ಅರ್ಜಿ ಸಿಕ್ಕಿದ್ದಕ್ಕೆ ಕೊಡುವ ರಸೀದಿ, ಕೇಳಿ ತಗೊಳ್ಳಿ. ಅದಿಲ್ಲದೆ ಅಲ್ಲಿಂದ ಏಳಬೇಡಿ.

ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಸಂಬಳದಲ್ಲಿ ನೌಕರರ ಸರ್ಕಾರಿ ವಿಮೆಯಾದ ಇಎಸ್‌ಐ ಕಡಿತ ಆಗುತ್ತಿತ್ತಾ? ಆಗುತ್ತಿದ್ದರೆ ಹೆರಿಗೆ ರಜೆಯ ದುಡ್ಡು ಮಾಲೀಕರಿಂದ ಅಲ್ಲ, ಇಎಸ್‌ಐನಿಂದ ಬರಬೇಕು, ಅಲ್ಲಿಗೂ ಹೋಗಿ. ಇನ್ನೊಂದು, ಅಂಗಡಿಯಲ್ಲಿ 10 ಜನ ಇದ್ದಾರಾ? ಇದ್ದು, ಹೆರಿಗೆಗೆ ಕೊಟ್ಟ ತಾರೀಕಿನ ಹಿಂದಿನ 12 ತಿಂಗಳಲ್ಲಿ ನೀವು 80 ದಿನ ಕೆಲಸ ಮಾಡಿದ್ದರೆ 26 ವಾರದ ಸಂಬಳ ನಿಮ್ಮ ಹಕ್ಕು (ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ). ಮಧ್ಯದಲ್ಲಿ ತೆಗೆದು ಹಾಕಿದರೂ ಅದು ತಪ್ಪುವುದಿಲ್ಲ. 10 ಜನ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ: ಕೇರಳದ 1960ರ ಅಂಗಡಿ ಕಾನೂನಿನಲ್ಲಿ ಆರು ತಿಂಗಳು ದಾಟಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸೋ ಸಂಬಳವೋ ಕೊಡದೆ ತೆಗೆಯುವಂತಿಲ್ಲ.

ಮಹಿಳಾ ಆಯೋಗಕ್ಕೂ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಕೊಡಬಹುದು, ಜಿಲ್ಲೆಗೆ ಬಂದು ಅದಾಲತ್ ನಡೆಸುತ್ತಾರೆ. ಆದರೆ ದುಡ್ಡು ಕೈಗೆ ಬರಬೇಕಾದರೆ ಲೇಬರ್ ಆಫೀಸೇ ಸರಿ ಅಂತ ನನ್ನ ಅಭಿಪ್ರಾಯ. ವಕೀಲರು ಬೇಕಾದರೆ 15100ಕ್ಕೆ ಫೋನ್ ಮಾಡಿ. ಕಾನೂನು ಸೇವಾ ಪ್ರಾಧಿಕಾರದ್ದು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಪುಕ್ಕಟೆ.

ನನ್ನ ಹಿಯರಿಂಗ್ ಎರಡು ಸಲ ಆಯಿತು. ಮೊದಲನೆಯದಕ್ಕೆ ಅಂಗಡಿಯವರು ಬರಲೇ ಇಲ್ಲ. ಎರಡನೆಯದಕ್ಕೆ ಬಂದು, ಇವಳೇ ಬಿಟ್ಟು ಹೋದದ್ದು ಅಂತ ಆ ಕಾಗದ ತೋರಿಸಿದರು. ನಾನು ವಾಯ್ಸ್ ಹಾಕಿ ಕೇಳಿಸಿದೆ. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಲೆಕ್ಕದವರು ಅಲ್ಲಿ ತನಕ ನನ್ನನ್ನು ನೀನು ಅನ್ನುತ್ತಿದ್ದವರು ಆಮೇಲೆ ನೀವು ಅಂದರು.

ಪೂರ್ತಿ ದುಡ್ಡು ಬರಲಿಲ್ಲ, ಮುಕ್ಕಾಲು ಪಾಲು ಬಂತು, ಅದೂ ಎರಡು ಚೆಕ್‌ನಲ್ಲಿ. ಹಟ ಹಿಡಿದಿದ್ದರೆ ಪೂರ್ತಿ ಸಿಗುತ್ತಿತ್ತೋ ಏನೋ. ಏಳು ತಿಂಗಳ ಹೊಟ್ಟೆ ಹೊತ್ತು ಬದಿಯಡ್ಕದ ಬಸ್ಸಿನಲ್ಲಿ ಮತ್ತೆ ಮತ್ತೆ ಬರಲು ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಒಪ್ಪಂದದ ಕಾಗದ ಮುಂದೆ ಬಂತು, ಮತ್ತೆ ಮಲಯಾಳ. ಸಾಲು ಸಾಲು ಓದಿಸಿ ಕೇಳಿಕೊಂಡೆ. ತಲೆಬರಹದ ಪದ ಏನು ಅಂತಲೂ ಕೇಳಿದೆ. "ಒತ್ತುತೀರ್ಪು" ಅಂದರು. ನಮ್ಮ ರಾಜಿಗೆ ಅವರ ಪದ ಅದು. ಕೆಳಗೆ ಕನ್ನಡದಲ್ಲಿ "ಓದಿ ಹೇಳಿದ್ದನ್ನು ಕೇಳಿ, ಅರ್ಥವಾಗಿ ಹಾಕಿದ ಸಹಿ" ಅಂತ ಬರೆದು, ಆಮೇಲೆ ಹೆಸರು ಗೀಚಿದೆ.