ಮದುವೆ ಫೋಟೊಗಳಿಗೆಲ್ಲ ಒಂದೇ ಏಟಿಗೆ ಹಾಕಬಹುದಾದ ಒಳ್ಳೆಯ ಪ್ರಿಸೆಟ್ ಯಾವುದು?

ಸಿಂಧನೂರಿನಲ್ಲಿ ಹೊಸದಾಗಿ ಕೆಲಸ ಶುರು ಮಾಡಿದ್ದೇನೆ, ಸಾವಿರಾರು ಫೋಟೊ ಕೂತು ತಿದ್ದಲು ಪುರುಸೊತ್ತಿಲ್ಲ, ಹುಡುಗಿಯ ಮುಖ ಬೆಳ್ಳಗೆ ಕಾಣಿಸುವ ಪ್ರಿಸೆಟ್ (ಮೊದಲೇ ಸಿದ್ಧ ಮಾಡಿಟ್ಟ ತಿದ್ದುಪಡಿಗಳ ಕಟ್ಟು) ಇದ್ದರೆ ದುಡ್ಡು ಕೊಟ್ಟಾದರೂ ಕೊಳ್ಳುತ್ತೇನೆ ಎಂದಿದ್ದೀರಿ. ಕೊಳ್ಳಬೇಡಿ. ನಾನು ಕೊಂಡಿದ್ದೆ.

ಗಂಗಾವತಿಯಲ್ಲಿ ನನ್ನ ಸ್ಟುಡಿಯೊ. ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್ ಆಗಷ್ಟೇ ಕೈಗೆ ಬಂದಿತ್ತು. ಕಾರಟಗಿ ಕಡೆಯ ಭತ್ತ ಬೆಳೆಯುವ ಮನೆತನವೊಂದರ ಮದುವೆ, ಅದೂ ಮೇ ತಿಂಗಳಲ್ಲಿ. ಅರಿಶಿನ ಹಚ್ಚುವುದು, ಸುರಗಿ ನೀರಿನ ಸ್ನಾನ ಎಲ್ಲವೂ ಮನೆ ಮುಂದಿನ ಪೆಂಡಾಲಿನಲ್ಲಿ. ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವುದು, ಮಾತ್ರ ಕಲ್ಯಾಣ ಮಂಟಪದಲ್ಲಿ. ನಮ್ಮ ಕಡೆಯ ಪೆಂಡಾಲಿನ ಬಟ್ಟೆ ನೀವೂ ನೋಡಿರುತ್ತೀರಿ, ಹಳದಿ ಮತ್ತು ಕೆಂಪು ಪಟ್ಟೆ. ನಡುಹಗಲ ಬಿಸಿಲು ಅದನ್ನು ತೂರಿ ಇಳಿದರೆ ಕೆಳಗೆ ಕೂತವರೆಲ್ಲ ಹಳದಿ. ಬಿಳಿ ಪಂಚೆ ಹಳದಿ, ಸ್ಟೀಲ್ ತಟ್ಟೆ ಹಳದಿ, ಮಜ್ಜಿಗೆಯೂ ಹಳದಿ.

ಕೊಂಡ ಪ್ರಿಸೆಟ್ ಹಾಕಿದೆ. ಮುಖಗಳೇನೋ ತಿಳಿಯಾದವು, ಹಳದಿ ಹೋಗಲಿಲ್ಲ. ಲೈಟ್‌ರೂಮಿನ ಎಂಟು ಬಣ್ಣಗಳ ಪಟ್ಟಿಗೆ ಹೋಗಿ ಹಳದಿಯ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆಯನ್ನು, ಎಡಕ್ಕೆ ಎಳೆದೆ. ಪಂಚೆ ಬೆಳ್ಳಗಾಯಿತು. ಭಲೇ ಎನಿಸಿತು. ಮೊದಲ ಫೋಟೊದಿಂದ ಕೊನೆಯದರವರೆಗೆ ಎಲ್ಲವನ್ನೂ ಆಯ್ದು, ಒಂದರ ತಿದ್ದುಪಡಿಯನ್ನು ಎಲ್ಲಕ್ಕೂ ಹಾಕುವ ಸಿಂಕ್ ಒತ್ತಿದೆ, ಊಟಕ್ಕೆ ಹೋದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನೀವು ಕೇಳುತ್ತಿರುವ ಪ್ರಿಸೆಟ್ ಮಾಡುವುದೂ ಇದನ್ನೇ. ಪೆಂಡಾಲಿನ ಹಳದಿ ಬೆಳಕಿನದು. ಅರಿಶಿನದ ಹಳದಿ ಅರಿಶಿನದ್ದೇ. ಬೆಳಕಿನ ಬಣ್ಣವನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ತೆಗೆಯಬೇಕು. ಅಲ್ಲಿ ಟೆಂಪರೇಚರ್ ಇಳಿಸಿದರೆ ಇಡೀ ಚಿತ್ರ ನೀಲಿಯ ಕಡೆಗೆ ಸರಿಯುತ್ತದೆ, ವಸ್ತುಗಳ ನಡುವಿನ ವ್ಯತ್ಯಾಸ ಉಳಿಯುತ್ತದೆ. ಸ್ಯಾಚುರೇಶನ್‌ಗೆ ಯಾವ ಹಳದಿ ಎಲ್ಲಿಂದ ಬಂತು ಎಂಬ ಗೊಡವೆಯಿಲ್ಲ, ಕಂಡ ಹಳದಿಯನ್ನೆಲ್ಲ ಬಣ್ಣಗೆಡಿಸುತ್ತದೆ. ನಮ್ಮ ಮದುವೆಯಲ್ಲಿ ಹಳದಿ ಬಿಟ್ಟರೆ ಇನ್ನೇನಿದೆ ಹೇಳಿ? ಅರಿಶಿನ, ಅಕ್ಷತೆ, ಚೆಂಡು ಹೂವು, ತಾಳಿಯ ದಾರ, ಬಂಗಾರ. ಮೇಲಾಗಿ ನಮ್ಮ ಕಂದು ಮೈಬಣ್ಣ ಆ ಪಟ್ಟಿಯಲ್ಲಿ ಬಹುಪಾಲು ಕಿತ್ತಳೆಯಲ್ಲಿ ಬರುತ್ತದೆ, ಅರಿಶಿನ ಹಚ್ಚಿದ ಕೆನ್ನೆ ಕಿತ್ತಳೆಗೂ ಹಳದಿಗೂ ನಡುವೆ. ಪ್ರಿಸೆಟ್ ಕಿತ್ತಳೆಯನ್ನು ತಿಳಿ ಮಾಡಿತ್ತು, ನಾನು ಹಳದಿಯನ್ನು ಕೊಂದಿದ್ದೆ. ಮದುಮಗಳು ಮುಖಕ್ಕೆ ಬೂದಿ ಬಳಿದುಕೊಂಡಂತೆ ಕಾಣುತ್ತಿದ್ದಳು. ಮಂಟಪದ ಫೋಟೊಗಳಿಗೆ ಈ ತಿದ್ದುಪಡಿ ಬೇಕೇ ಇರಲಿಲ್ಲ, ಅವೂ ಸಿಂಕ್‌ನಲ್ಲಿ ಹಾಳಾದವು. ರಾತ್ರಿಯೆಲ್ಲ ಕೂತು ನೋಡಿದ ಕಣ್ಣಿಗೆ ಅದೇ ಸರಿ ಎನಿಸಿತ್ತು.

ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲದ ಹಾಳೆಗಳ ಆಲ್ಬಮ್ ಮುದ್ರಣವಾಗಿ ಬಂತು. ಕೊಡಲು ನಾನೇ ಹೋದೆ. ಹುಡುಗಿಯ ಅಜ್ಜಿ ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ತಿರುವಿದರು. ತಾಳಿ ಕಟ್ಟುವ ಪುಟದಲ್ಲಿ ಬೆರಳು ನಿಂತಿತು.

“ತಮ್ಮಾ, ಈ ಬೋರಮಾಳ ನಾನು ಕೊಟ್ಟದ್ದು. ಬಂಗಾರದ್ದು. ಇದರಲ್ಲಿ ಬೆಳ್ಳಿ ಏಕೆ ಹಾಕಿದ್ದೀ?”

ಯಾರೂ ನಗಲಿಲ್ಲ. ಬೀಗರ ಮನೆಗೂ ಒಂದು ಪ್ರತಿ ಹೋಗಬೇಕಿತ್ತು. ಏನು ಹಾಕಿ ಕಳುಹಿಸಿದರು ಎಂಬುದಕ್ಕೆ ನಾಳೆ ಆ ಆಲ್ಬಮ್ಮೇ ಸಾಕ್ಷಿ. ಹುಡುಗಿಯ ತಂದೆ ಒಂದು ಮಾತೂ ಆಡದೆ ಎರಡೂ ಆಲ್ಬಮ್‌ಗಳನ್ನು ಚೀಲಕ್ಕೆ ಹಾಕಿ ನನ್ನ ಕೈಗಿತ್ತರು. ಮೂಲ ಕಡತಗಳು ‘ರಾ’ ರೂಪದಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಹಾಗೆಯೇ ಉಳಿಸುವ ರೂಪದಲ್ಲಿ, ಇದ್ದುದರಿಂದ ಮತ್ತೆ ತಿದ್ದಲು ಆಯಿತು. ಮರುಮುದ್ರಣ ನನ್ನ ಕಿಸೆಯಿಂದ. ಆ ಮನೆಯ ಎರಡನೆಯ ಮಗಳ ಮದುವೆಗೆ ಬೇರೆಯವರನ್ನು ಕರೆದರು.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಒಂದು ಮದುವೆಯಲ್ಲಿ ಒಂದೇ ಬೆಳಕು ಇರುವುದಿಲ್ಲ, ಎಲ್ಲಕ್ಕೂ ಹೊಂದುವ ಪ್ರಿಸೆಟ್ ಎಲ್ಲಿಂದ ಬರಬೇಕು? ಸಮಯ ಉಳಿಸಬೇಕಾದರೆ ಫೋಟೊಗಳನ್ನು ಬೆಳಕಿನ ಪ್ರಕಾರ ಗುಂಪು ಮಾಡಿ: ಪೆಂಡಾಲ್, ಮನೆಯೊಳಗೆ, ಮಂಟಪದ ಫ್ಲ್ಯಾಶ್, ಆರತಕ್ಷತೆಯ ನೇರಳೆ ಎಲ್‌ಇಡಿ. ಒಂದೊಂದು ಗುಂಪಿನಲ್ಲಿ ಒಂದನ್ನು ಸರಿಮಾಡಿ ಆ ಗುಂಪಿಗಷ್ಟೇ ಸಿಂಕ್ ಮಾಡಿ. ಜಾಗ ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಅಪ್ಪಟ ಬೂದು ಬಣ್ಣದ ಹಲಗೆ) ಹಿಡಿಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ವೈಟ್ ಬ್ಯಾಲೆನ್ಸ್ ಸರಿಮಾಡುವ ಡ್ರಾಪರನ್ನು ಆಮೇಲೆ ಆ ಕಾರ್ಡಿನ ಮೇಲೆ ಒತ್ತಿ. ಪಂಚೆ ಬಿಳಿಯಿದೆಯಲ್ಲ ಎಂದು ಅದರ ಮೇಲೆ ಡ್ರಾಪರ್ ಒತ್ತಬೇಡಿ. ನಮ್ಮವರು ಒಗೆದು ನೀಲಿ ಅದ್ದಿರುತ್ತಾರೆ, ಅದನ್ನು ಬಿಳಿಯೆಂದು ನಂಬಿದರೆ ಚಿತ್ರ ಇನ್ನಷ್ಟು ಹಳದಿಗೆ ತಿರುಗುತ್ತದೆ. ಜೆಪೆಗ್‌ನಲ್ಲಿ ಮಾತ್ರ ತೆಗೆಯುವ ಚಾಳಿಯಿದ್ದರೆ ಇಂದೇ ಬಿಡಿ. ಅದರಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟ, 14 ಬಿಟ್‌ನ ‘ರಾ’ದಲ್ಲಿ 16,384. ಪೆಂಡಾಲಿನ ಬಣ್ಣ ತೆಗೆಯಲು ಆ ಅವಕಾಶ ಬೇಕೇ ಬೇಕು.

ಬೆಳ್ಳಗೆ ಮಾಡುವ ವಿಷಯ. ನನಗೆ ಅದು ಹಿಡಿಸುವುದಿಲ್ಲ, ಆದರೆ ಗಿರಾಕಿ ಕೇಳಿಯೇ ಕೇಳುತ್ತಾರೆ. ಲೈಟ್‌ರೂಮಿನ ಮಾಸ್ಕ್‌ನಿಂದ ಮುಖದ ಭಾಗವನ್ನಷ್ಟೇ ಆಯ್ದು ಎಕ್ಸ್‌ಪೋಶರ್, ಅಂದರೆ ಬೆಳಕು, ತುಸು ಏರಿಸುತ್ತೇನೆ, ಬಣ್ಣ ಮುಟ್ಟುವುದಿಲ್ಲ. ಬಹುತೇಕರಿಗೆ ಬೇಕಾಗಿರುವುದು ಬೆಳಕೇ. ಕತ್ತು ಒಂದು ಬಣ್ಣ, ಮುಖ ಒಂದು ಬಣ್ಣ ಆಗುವಷ್ಟು ಮಾಡಿ ಎಂದವರಿಗೆ ಆಗುವುದಿಲ್ಲ ಎನ್ನುತ್ತೇನೆ. ಮುನಿಸಿಕೊಂಡು ಹೋದವರೂ ಇದ್ದಾರೆ.

ಪ್ರಿಸೆಟ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಗ್ರೇ ಕಾರ್ಡ್ ತನ್ನಿ. ಉಳಿದದ್ದು ಮಾದರಿ ಮುದ್ರಣಕ್ಕೆ. ಲ್ಯಾಬ್ ಬೇರೇನೂ ಕೇಳದಿದ್ದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ಪದ್ಧತಿಯಲ್ಲೇ ಕಳುಹಿಸಿ. ಅರಿಶಿನದ್ದೂ ಬಂಗಾರದ್ದೂ ಇರುವ ಒಂದೇ ಒಂದು ಹಾಳೆಯನ್ನು ಮೊದಲು ಮುದ್ರಿಸಿ ತರಿಸಿ, ಅಂಗಡಿಯ ಹೊರಗೆ ಹಗಲಿನ ನೆರಳಿನಲ್ಲಿ ಹಿಡಿದು ನೋಡಿ. ಒಂದು ಹಾಳೆ ಹಾಕಿಕೊಡಲು ಗೊಣಗುವ ಲ್ಯಾಬಿಗೆ ಪೂರ್ತಿ ಆಲ್ಬಮ್ ಕೊಡಬೇಡಿ.